ಅಪ್ಪನಿಗೊಂದು ಹಳೆ ಕಾರು

2023ರ ಮಳೆಗಾಲದಲ್ಲಿ ಅಮ್ಮನ ಮೊಣಕಾಲಿನ ಆಪರೇಷನ್ ನಾನಿರುವ ಹುಬ್ಬಳ್ಳಿಯಲ್ಲಿ ಆಯ್ತು. ಆರು ವಾರ ಬಿಟ್ಟು ತೋರಿಸೋಕೆ ಬರಬೇಕಿತ್ತು. ನಾನೇ ಗದಗಿಗೆ ಬಂದು ಕರ್ಕೊಂಡು ಬರ್ತೀನಿ ಅಂದೆ. ಅಪ್ಪ ಒಪ್ಪಲಿಲ್ಲ. "ಅರವತ್ತ ಕಿಲೋಮೀಟರಿಗೆ ನೀ ಯಾಕ ರಜಾ ಹಾಕ್ತಿ? ಬಸ್ಸಿನಾಗ ಬರ್ತೀವಿ ಬಿಡು" ಅಂದರು.

ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಜಿಟಿಜಿಟಿ ಮಳೆ. ಎಲ್ಲರೂ ಇಳಿದ ಮೇಲೆ ಅಮ್ಮ ಬಾಗಿಲಿಗೆ ಬಂದಳು. ಕೊನೆಯ ಮೆಟ್ಟಿಲಿಗೂ ನೆಲಕ್ಕೂ ಮೊಳದಷ್ಟು ಅಂತರ. ಆಪರೇಷನ್ ಆದ ಕಾಲನ್ನು ಕೆಳಗೆ ಬಿಟ್ಟು, ನೆಲ ಎಲ್ಲಿದೆ ಅಂತ ಹುಡುಕ್ತಾ ಇದ್ದಳು. ಅಪ್ಪ ಕೆಳಗೆ ನಿಂತು ಒಂದು ಕೈಯಲ್ಲಿ ಅವಳ ತೋಳು ಹಿಡಿದಿದ್ದರು, ಇನ್ನೊಂದು ಕೈಯಲ್ಲಿ ಎಕ್ಸ್‌ರೇ ಲಕೋಟೆಯನ್ನು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದರು. ಹಿಂದಿನ ಬಸ್ಸಿನವನು ಹಾರ್ನ್ ಹೊಡೀತಿದ್ದ. ಆ ಹಾರ್ನ್ ಕೇಳಿ ಅಮ್ಮ ಗಾಬರಿಯಿಂದ ಕಾಲು ಊರಿಬಿಟ್ಟಳು. ಏನೂ ಆಗಲಿಲ್ಲ. ಆದರೆ ಅವಳ ಮುಖ ಆಗ ಬಿಳಿಚಿಕೊಂಡದ್ದು ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, ಒಂದು ಕಾರು ತಗೊಳ್ಳೋಣ ಅಂತ.

ಅಪ್ಪನಿಗೆ ಕಾರು ಹೊಸದಲ್ಲ. ನಮ್ಮ ದೊಡ್ಡಪ್ಪನ ಮಾರುತಿ 800 ಇತ್ತು, ಮನೆಯ ಮದುವೆ, ಜಾತ್ರೆ, ಆಸ್ಪತ್ರೆ ಎಲ್ಲಕ್ಕೂ ಅದನ್ನು ಓಡಿಸುತ್ತಿದ್ದದ್ದು ಅಪ್ಪನೇ. ಈಗ ಅವರಿಗೆ 67. ಲೈಸೆನ್ಸ್ ಇದೆ. 55 ದಾಟಿದವರಿಗೆ ಒಂದು ಸಲಕ್ಕೆ 5 ವರ್ಷ ಮಾತ್ರ ನವೀಕರಣ ಆಗುತ್ತೆ, ಜೊತೆಗೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಅದನ್ನು ಅಪ್ಪ ತಪ್ಪದೆ ಮಾಡಿಸಿಕೊಂಡು ಬಂದಿದ್ದಾರೆ. ಸ್ವಂತ ಕಾರೇ ಇಲ್ಲದ ಮನುಷ್ಯ ಲೈಸೆನ್ಸನ್ನು ಅಷ್ಟು ಜೋಪಾನ ಮಾಡಿದ್ದು ಯಾಕೆ ಅಂತ ನಾನು ಅಲ್ಲಿಯವರೆಗೆ ಒಂದು ಸಲವೂ ಯೋಚಿಸಿರಲಿಲ್ಲ.

ದುಡ್ಡು ನಾಲ್ಕೂವರೆ ಲಕ್ಷ. ಮೂರು ನನ್ನದು, ಒಂದೂವರೆ ಅಪ್ಪನ ಎಫ್‌ಡಿಯದು. ನಾನೇ ಎಲ್ಲ ಕೊಡ್ತೀನಿ ಅಂದರೆ ಅಪ್ಪ ಕಾರೇ ಬೇಡ ಅನ್ನೋರು, ಅದಕ್ಕೆ ಸುಮ್ಮನಾದೆ. ಸ್ವಲ್ಪ ಜಗ್ಗಿದ್ದರೆ ಹೊಸ ಆಲ್ಟೊದ ಕೆಳಗಿನ ಮಾಡೆಲ್ ಬರ್ತಿತ್ತು. ಅದರ ಸೀಟು ಕೆಳಗಿದೆ. ಅಮ್ಮನಿಗೆ ಆಗಲ್ಲ ಅನ್ನಿಸಿ ಬಿಟ್ಟೆ. ಹಾಗೆ ಬಿಟ್ಟ ನಾನೇ ಮುಂದೆ ಮಾಡಿದ ಕೆಲಸ ನೋಡಿ. ನೇರವಾಗಿ ಒಂದು ಹಳೆ ಸೆಡಾನ್ ನೋಡೋಕೆ ಹೋದೆ. ಬೆಳ್ಳಿ ಬಣ್ಣ, ದೊಡ್ಡ ಡಿಕ್ಕಿ, ಒಳಗೆ ಕ್ರೀಮ್ ಬಣ್ಣದ ಸೀಟು. ಅಪ್ಪ ನಲವತ್ತು ವರ್ಷ ಸ್ಕೂಟರಿನಲ್ಲಿ ಮಳೆ ಬಿಸಿಲು ತಿಂದವರು. ಅವರು ಇಂಥದ್ದರಲ್ಲಿ ಬೆಟಗೇರಿಯ ನಮ್ಮ ಓಣಿಗೆ ಬಂದರೆ ಹೇಗಿರುತ್ತೆ ಅಂತ ಮನಸ್ಸಿನಲ್ಲೇ ಚಿತ್ರ ಬರೆದುಕೊಂಡಿದ್ದೆ.

ಅಪ್ಪನನ್ನು ಕರೆಸಿ ಕೂರಿಸಿದೆ. ಕೂರುವಾಗ ಧಪ್ ಅಂತ ಕೂತರು. ಇಳಿಯುವಾಗ ಎಡಗೈ ಸ್ಟೇರಿಂಗ್ ಮೇಲೆ, ಬಲಗೈ ಬಾಗಿಲ ಚೌಕಟ್ಟಿನ ಮೇಲೆ. ಒಂದು ಸಲ ಎದ್ದರು, ಆಗಲಿಲ್ಲ, ಮತ್ತೆ ಕೂತರು. ಎರಡನೇ ಸಲ ಉಸಿರು ಬಿಗಿ ಹಿಡಿದು ಎದ್ದರು. ಚೌಕಟ್ಟು ಹಿಡಿದಿದ್ದ ಬೆರಳುಗಳು ಬೆಳ್ಳಗಾಗಿದ್ದವು. ಆಮೇಲೆ ನನ್ನ ಕಡೆ ನೋಡಿ, "ಗಾಡಿ ಛಲೋ ಐತೆವಾ" ಅಂದರು. ಮಗಳಿಗೆ ಬೇಜಾರಾಗಬಾರದು ಅಂತ ಹೇಳಿದ ಮಾತು ಅದು. ಅಮ್ಮನ ಮೊಣಕಾಲಿನ ಗದ್ದಲದಲ್ಲಿ ಅಪ್ಪನ ಮೊಣಕಾಲನ್ನು ನಾನು ಗಮನಿಸಿಯೇ ಇರಲಿಲ್ಲ.

ಆ ಕಾರು ಅಲ್ಲಿಗೇ ಮುಗಿಯಿತು. ಅಲ್ಲಿಂದ ಹುಡುಕುವ ದಾರಿ ಬದಲಾಯಿಸಿದೆ. ಕಾರು ನೋಡುವುದನ್ನು ಬಿಟ್ಟು, ತಿಂಗಳಿಗೆ ಎಲ್ಲೆಲ್ಲಿ ಹೋಗ್ತೀರಿ ಬರೆದು ಕೊಡಿ ಅಂತ ಅಪ್ಪನಿಗೆ ಹೇಳಿದೆ. ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಕೊಟ್ಟರು. ಹುಬ್ಬಳ್ಳಿ ಆಸ್ಪತ್ರೆಗೆ ಒಂದು ಸಲ. ಮುಳಗುಂದದ ಹತ್ತಿರ ಇರುವ ಹೊಲಕ್ಕೆ ಎರಡು ಸಲ. ಅಮಾವಾಸ್ಯೆಗೆ ಲಕ್ಕುಂಡಿಯಲ್ಲಿರುವ ಸೋದರತ್ತೆ ಮನೆಗೆ. ಸಂತೆ, ಮಠ, ಬ್ಯಾಂಕು. ಕೂಡಿಸಿದರೆ 300 ಕಿಲೋಮೀಟರ್ ಕೂಡ ಆಗಲ್ಲ. ಆ ಒಂದು ಹಾಳೆಯಿಂದ ಅರ್ಧ ಪ್ರಶ್ನೆಗಳು ಬಗೆಹರಿದವು.

ಡೀಸೆಲ್ ಬೇಡ ಅಂತ ಮೊದಲು ತೀರ್ಮಾನ ಆಯ್ತು. ನಮ್ಮ ಕಡೆ ಇನ್ನೂ "ಡೀಸೆಲ್ ಗಾಡಿ ತಗೋರಿ, ಖರ್ಚ ಕಡಿಮಿ" ಅನ್ನೋರು ಜಾಸ್ತಿ. ದಿನಾ 50-60 ಕಿಲೋಮೀಟರ್ ಓಡಿಸೋರಿಗೆ ಆ ಮಾತು ಸರಿ. ತಿಂಗಳಿಗೆ 300 ಓಡಿಸಿದರೆ ಎಣ್ಣೆಯಲ್ಲಿ ಉಳಿಯುವ ದುಡ್ಡು ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಒಂದು ಇಂಜೆಕ್ಟರ್ ರಿಪೇರಿಗೆ ಸಾಲಲ್ಲ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಕಡಿಮೆ ಮಾಡುವ ಹೊಸ ನಿಯಮದ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಹೆದ್ದಾರಿಯಲ್ಲಿ ಆಗಾಗ ಬಿಸಿಯಾಗಿ ಓಡಿದರೆ ಆ ಮಸಿ ಸುಟ್ಟು ಹೋಗುತ್ತೆ. ಬರೀ ಸಂತೆ, ಬ್ಯಾಂಕು ಅಂತ ಓಡಿದರೆ ಕಟ್ಟಿಕೊಳ್ಳುತ್ತೆ. ಸಿಎನ್‌ಜಿಯೂ ಬೇಡ ಅಂದೆ. ಸಿಲಿಂಡರ್ ಡಿಕ್ಕಿ ತಿಂದುಬಿಟ್ಟರೆ ಅಮ್ಮನ ವಾಕರ್ ಎಲ್ಲಿಡೋದು, ಹೊಲದಿಂದ ತರುವ ಶೇಂಗಾ ಚೀಲ ಎಲ್ಲಿಡೋದು?

ಇನ್ನೊಂದು ಕೆಲಸ ಮಾಡಿದೆ. ಯಾರಿಗಾದರೂ ಅಪ್ಪ ಅಮ್ಮನಿಗೆ ಕಾರು ತಗೊಳ್ಳೋದಿದ್ದರೆ ಇದೊಂದನ್ನು ಮಾಡಿ ಅಂತ ಕೈಮುಗಿದು ಹೇಳ್ತೀನಿ. ಒಂದು ಭಾನುವಾರ ಗದಗಿಗೆ ಹೋಗಿ ಅಪ್ಪನ ಜೊತೆ ಬೆಟಗೇರಿಯಿಂದ ಮುಳಗುಂದ ನಾಕಾವರೆಗೆ ಸಿಕ್ಕ ಗ್ಯಾರೇಜುಗಳಿಗೆಲ್ಲ ಹೋದೆ. ಎಲ್ಲರಿಗೂ ಒಂದೇ ಪ್ರಶ್ನೆ. ಯಾವ ಕಾರು ಬೆಳಿಗ್ಗೆ ತಂದು ಬಿಟ್ಟರೆ ಸಂಜೆ ಕೊಡ್ತೀರಿ? ಯಾವುದರ ಸಾಮಾನು ಇದೇ ಊರಲ್ಲಿ ಸಿಗುತ್ತೆ? ಯಾವುದಕ್ಕೆ ಹುಬ್ಬಳ್ಳಿಯಿಂದ ತರಿಸಬೇಕು? ಉತ್ತರ ಸುಮಾರಾಗಿ ಒಂದೇ ಬಂತು. ಮಾರುತಿಯ ಸಣ್ಣ ಪೆಟ್ರೋಲ್ ಗಾಡಿ ಮೊದಲು, ಆಮೇಲೆ ಹ್ಯುಂಡೈನ ಸಣ್ಣ ಗಾಡಿ. ಉಳಿದವು ಒಂದೊಂದು ಗ್ಯಾರೇಜಿಗೆ ಒಂದೊಂದು.

ನಂಬಿಕೆಯ ಗಾಡಿ ಅಂದರೆ ಕೆಡದೇ ಇರೋದು ಅಂತ ನಾನು ತಿಳಿದಿದ್ದೆ. ಹಳೆ ಗಾಡಿ ಕೆಡುತ್ತೆ. ಕೆಟ್ಟಾಗ ಅಪ್ಪ ಎಲ್ಲಿರ್ತಾರೆ, ಪಕ್ಕದಲ್ಲಿ ಯಾರಿರ್ತಾರೆ, ಅವರಿಗೆ ಆ ಗಾಡಿ ಗೊತ್ತಾ ಅನ್ನೋದನ್ನು ಅವತ್ತಿನಿಂದ ಯೋಚಿಸತೊಡಗಿದೆ. ನಾನು ಹುಬ್ಬಳ್ಳಿಯಲ್ಲಿ. ಅಪ್ಪ ಸಂಜೆ ಏಳು ಗಂಟೆಗೆ ಶಿರಗುಪ್ಪಿಯ ಹತ್ತಿರ ಎರೆ ಹೊಲಗಳ ನಡುವೆ ನಿಂತುಬಿಟ್ಟರೆ, ನಾನು ಹೋಗಿ ಮುಟ್ಟೋದರೊಳಗೆ ಅವರಿಗೆ ಅಲ್ಲೇ ಯಾರಾದರೂ ಕೈ ಹಾಕಿ ಸರಿ ಮಾಡಿಕೊಡುವಂಥ ಗಾಡಿ ಬೇಕು.

ಒಂದು ವಿಷಯದಲ್ಲಿ ಮಾತ್ರ ತುಂಬಾ ದಿನ ಒದ್ದಾಡಿದೆ. ಅಪಘಾತದ ಪರೀಕ್ಷೆಗಳಲ್ಲಿ ಟಾಟಾ ಟಿಯಾಗೊ ದೊಡ್ಡವರ ಸುರಕ್ಷತೆಗೆ 5ಕ್ಕೆ 4 ಸ್ಟಾರ್ ಪಡೆದಿತ್ತು. ಗ್ಲೋಬಲ್ ಎನ್‌ಕ್ಯಾಪ್ ಅದನ್ನು ಪ್ರಕಟಿಸಿದ್ದು 2020ರ ಜನವರಿಯಲ್ಲಿ. ಅದೇ ಸಂಸ್ಥೆ 2019ರಲ್ಲಿ ಮಾರುತಿ ವ್ಯಾಗನ್ ಆರ್‌ಗೆ ಕೊಟ್ಟದ್ದು 2 ಸ್ಟಾರ್. ನನ್ನ ಮನಸ್ಸು ಟಿಯಾಗೊ ಕಡೆ ಇತ್ತು. ಅಪ್ಪ ಅಮ್ಮ ಇಬ್ಬರನ್ನೂ ಅದರಲ್ಲಿ ಹತ್ತಿಸಿ ಇಳಿಸಿ ನೋಡಿದೆ. ಅಪ್ಪ ಹೇಗೋ ಇಳಿದರು. ಅಮ್ಮನಿಗೆ ನನ್ನ ಕೈ ಬೇಕಾಯ್ತು. ವ್ಯಾಗನ್ ಆರ್‌ನಲ್ಲಿ ಅಮ್ಮ ಸೀಟಿಗೆ ಬೆನ್ನು ಮಾಡಿ ನಿಂತು, ಕುರ್ಚಿಯಲ್ಲಿ ಕೂತ ಹಾಗೆ ಕೂತಳು. ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಿಕೊಂಡಳು. ಸೆರಗು ಕೂಡ ಜಾರಲಿಲ್ಲ. ದಿನಾ ಆಗುವ ಕಷ್ಟ ಒಂದು ಕಡೆ, ಎಂದೋ ಆಗಬಹುದಾದ ಅಪಘಾತ ಇನ್ನೊಂದು ಕಡೆ. ಇದನ್ನು ತೂಗುವ ತಕ್ಕಡಿ ನನ್ನ ಹತ್ತಿರ ಇರಲಿಲ್ಲ. ಈಗಲೂ ಇಲ್ಲ. ಕೊನೆಗೆ ವ್ಯಾಗನ್ ಆರ್ ಅಂತ ಆಯ್ತು. ಆದರೆ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ್ದು ಎಷ್ಟೇ ಸೋವಿ ಸಿಕ್ಕರೂ ಬೇಡ ಅಂತ ಹಟ ಹಿಡಿದೆ.

ಇದಕ್ಕೆ ಒಂದು ಸುಲಭದ ಗೆರೆ ಇದೆ. 2019ರ ಏಪ್ರಿಲ್‌ನಿಂದ ಎಲ್ಲ ಕಾರಿಗೂ ಎಬಿಎಸ್ ಕಡ್ಡಾಯ ಆಯ್ತು. 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕದಿದ್ದರೆ ಕೂಗುವ ಅಲಾರಂ, ಹಿಂದಕ್ಕೆ ತಗೊಳ್ಳುವಾಗ ಎಚ್ಚರಿಸುವ ಸೆನ್ಸರ್ ಕಡ್ಡಾಯ ಆದವು. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯ ಆಗಿದ್ದು 2021ರ ಕೊನೆಗೆ. ಹಾಗಾಗಿ ಗಾಡಿಯ ನೋಂದಣಿ ಪತ್ರ, ಅಂದರೆ ಆರ್‌ಸಿಯಲ್ಲಿ ತಯಾರಾದ ತಿಂಗಳು ನೋಡಬೇಕು. ನಮ್ಮ ದುಡ್ಡಿಗೆ 2019ರ ಜುಲೈ ನಂತರದ್ದು, ಅದರಲ್ಲೂ ಎರಡನೇ ಏರ್‌ಬ್ಯಾಗ್ ಇರುವ ಹೆಸರಿನ ಕೊನೆಗೆ ಇಂಗ್ಲಿಷಿನ 'O' ಅಕ್ಷರ ಇರುವ ಮಾಡೆಲ್ ಹುಡುಕೋದು ಅಂತ ನಿಕ್ಕಿ ಮಾಡಿಕೊಂಡೆ.

ಹುಡುಕಾಟ ಎರಡು ತಿಂಗಳು ನಡೀತು. ಹುಬ್ಬಳ್ಳಿಯ ಗೋಕುಲ ರಸ್ತೆ, ಧಾರವಾಡ, ಒಂದು ಸಲ ಹಾವೇರಿ. ಹೋದ ಕಡೆಯೆಲ್ಲ ವ್ಯಾಪಾರಿಗಳು ನನ್ನ ಗಂಡನ ಮುಖ ನೋಡಿ ಮಾತಾಡ್ತಿದ್ದರು. ದುಡ್ಡು ನನ್ನದು, ಪ್ರಶ್ನೆ ನನ್ನದು, ಉತ್ತರ ಮಾತ್ರ ಅವರಿಗೆ. ಇದು ನನಗೆ ನಿಜವಾಗಿ ನೋವು ಕೊಟ್ಟಿತು. ಮೂರನೇ ಸಲದಿಂದ ಗಂಡನನ್ನು ಬಿಟ್ಟು, ನಮ್ಮ ಏರಿಯಾದ ಒಬ್ಬ ಗಾಡಿ ಮಿಸ್ತ್ರಿಯನ್ನು ಕರ್ಕೊಂಡು ಹೋಗತೊಡಗಿದೆ. ಒಂದು ಗಾಡಿ ನೋಡೋಕೆ 500 ರೂಪಾಯಿ ಕೊಡ್ತೀನಿ, ಗಾಡಿ ಚೆನ್ನಾಗಿಲ್ಲ ಅಂದರೂ ಕೊಡ್ತೀನಿ ಅಂತ ಮೊದಲೇ ಮಾತಾಗಿತ್ತು. ವ್ಯಾಪಾರ ಕುದುರಿದರೆ ಮಾತ್ರ ದುಡ್ಡು ಅಂದರೆ ಯಾರ ಬಾಯಲ್ಲೂ ಬೇಡ ಅನ್ನೋ ಮಾತು ಬರೋದು ಕಷ್ಟ.

ಮಿಸ್ತ್ರಿ ನನಗೆ ಕಲಿಸಿದ ಮೊದಲ ಪಾಠ, ಹೋಗುವ ಮುಂಚೆ ಫೋನ್ ಮಾಡಿ "ಗಾಡಿ ಚಾಲೂ ಮಾಡಬ್ಯಾಡ್ರಿ" ಅಂತ ಹೇಳೋದು. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡ್ತಿದ್ದರು. ಬೆಚ್ಚಗಿದ್ದರೆ ಯಾಕೆ ಬಿಸಿ ಮಾಡಿದ್ರಿ ಅಂತ ಕೇಳೋರು. ತಣ್ಣಗಿರುವ ಇಂಜಿನ್ ಮಾತ್ರ ತನ್ನ ನಿಜ ಹೇಳುತ್ತೆ ಅಂತ ಅವರ ಮಾತು. ಚಾಲೂ ಆಗುವಾಗ ಹಿಂದೆ ನಿಂತು ಹೊಗೆ ನೋಡೋದು. ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಾ ಇದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜಿನ್ ತಂಪಿಡುವ ಕೂಲೆಂಟ್ ಒಳಗೆ ಸೋರ್ತಾ ಇರಬಹುದು. ಆಯಿಲ್ ಮುಚ್ಚಳ ತೆಗೆದು ಒಳಭಾಗ ನೋಡೋದು. ಅಲ್ಲಿ ಮಜ್ಜಿಗೆ ಬಣ್ಣದ ಜಿಡ್ಡು ಮೆತ್ತಿದ್ದರೆ ಹುಷಾರಾಗಬೇಕು. ಬಾನೆಟ್, ಬಾಗಿಲುಗಳ ಬೋಲ್ಟಿನ ಬಣ್ಣ ಎದ್ದಿದ್ದರೆ ಅದನ್ನು ಒಮ್ಮೆ ಬಿಚ್ಚಿದ್ದಾರೆ ಅಂತ ಅರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 3119 ಅಂದರೆ 2019ರ 31ನೇ ವಾರದಲ್ಲಿ ತಯಾರಾದದ್ದು. ಇದನ್ನು ತಿಳಿದ ಮೇಲೆ ನಿಂತ ಕಾರಿನ ಟೈರ್ ಎಲ್ಲ ಓದೋದು ನನಗೆ ಅಭ್ಯಾಸ ಆಗಿಬಿಟ್ಟಿದೆ.

ಒಂದು ಗಾಡಿ ನನಗೆ ಬಹಳ ಇಷ್ಟ ಆಗಿತ್ತು. ತೊಳೆದು, ಪಾಲಿಶ್ ಮಾಡಿ, ಮಲ್ಲಿಗೆ ವಾಸನೆಯ ಡಬ್ಬಿ ಇಟ್ಟಿದ್ದರು. ಮಾರುವವನು, "ಒಬ್ಬರ ಕೈಯಾಗ ಓಡೇತ್ರಿ, ಡಾಕ್ಟರ್ ಗಾಡಿ" ಅಂದ. ಬೆಲೆಯೂ ಕಡಿಮೆ. ಮಿಸ್ತ್ರಿ ಇಂಜಿನ್ ನೋಡಲೇ ಇಲ್ಲ. ಹಿಂದಿನ ಸೀಟಿನಲ್ಲಿ ಕೂತು ಬೆಲ್ಟನ್ನು ಮೆಲ್ಲಗೆ ಎಳೆದರು. ಎಳೀತಾ ಹೋದರು. ಯಾರೂ ಅಷ್ಟು ಉದ್ದ ಎಳೆಯಲ್ಲ. ಪೂರ್ತಿ ಹೊರಗೆ ಬಂದಾಗ, ಕೊನೆಯ ಒಂದು ಗೇಣಿನಲ್ಲಿ ಕಂದು ಬಣ್ಣದ ಗೆರೆ ಇತ್ತು. ಉಗುರಿನಿಂದ ಕೆರೆದರೆ ಒಣಗಿದ ಹೂಳು ಪುಡಿ ಪುಡಿಯಾಗಿ ಅವರ ಅಂಗೈಗೆ ಬಿತ್ತು. ಆಮೇಲೆ ಸ್ಟೆಪ್ನಿ ಎತ್ತಿ ಅದರ ಕೆಳಗೆ ಬೆರಳು ಆಡಿಸಿದರು, ಅಲ್ಲೂ ಅದೇ. ಸೀಟಿನ ಹಳಿಗಳಿಗೆ ತುಕ್ಕು. "ನೀರಾಗ ಕುಂತ ಗಾಡಿ ಇದು ಅಕ್ಕಾರ, ಬ್ಯಾಡ" ಅಂದರು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದದ ಕೊಣ್ಣೂರು, ರೋಣದ ಹೊಳೆಆಲೂರು ಕಡೆ ಮನೆಗಳೊಳಗೆ ನೀರು ನುಗ್ಗಿದ್ದು ನಮ್ಮ ಜಿಲ್ಲೆಯವರಿಗೆ ಯಾರಿಗೂ ಮರೆತಿಲ್ಲ. ಈ ಗಾಡಿ ಯಾವ ಊರಲ್ಲಿ, ಯಾವ ಮಳೆಗೆ ಮುಳುಗಿತ್ತೋ. ಮುಳುಗಿದ ಕಾರಿನ ವೈರುಗಳ ಜೋಡಣೆಯಲ್ಲಿ, ಕಂಪ್ಯೂಟರ್ ಪೆಟ್ಟಿಗೆಯಲ್ಲಿ ತೇವ ಉಳಿದು ನಿಧಾನವಾಗಿ ತುಕ್ಕು ಹಿಡೀತಾ ಹೋಗುತ್ತೆ. ತೊಂದರೆ ವರ್ಷದ ಮೇಲೆ ಬರುತ್ತೆ. ಅದೂ ಒಂದೊಂದು ದಿನ ಒಂದೊಂದು ತರ. ಅಂಥ ಗಾಡಿಯಲ್ಲಿ ನನ್ನ ಅಪ್ಪ ಅಮ್ಮ ಇರುತ್ತಿದ್ದರು ಅಂತ ನೆನೆಸಿಕೊಂಡರೆ ಇವತ್ತೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತೆ.

ಇನ್ನೊಂದು ಕಾರಿನ ಮೀಟರ್ 38,000 ತೋರಿಸುತ್ತಿತ್ತು. ಕ್ಲಚ್ ಪೆಡಲಿನ ರಬ್ಬರ್ ಮಾತ್ರ ಒಂದು ಕಡೆ ಸವೆದು ಕಬ್ಬಿಣ ಕಾಣ್ತಿತ್ತು. ಸ್ಟೇರಿಂಗ್ ಮೇಲ್ಭಾಗ ಕನ್ನಡಿಯ ಹಾಗೆ ಹೊಳೀತಿತ್ತು. ಗಾಡಿ ನಂಬರ್ ಕೊಟ್ಟು ಸರ್ವಿಸ್ ದಾಖಲೆ ವಿಚಾರಿಸಿದರೆ, ಎರಡು ವರ್ಷ ಮುಂಚೆಯೇ 71,000 ಓಡಿತ್ತು. ಸರ್ವಿಸ್ ದಾಖಲೆ ನೋಡದೆ ಅಡ್ವಾನ್ಸ್ ಕೊಡಬೇಡಿ. ದಾಖಲೆ ತೋರಿಸೋಕೆ ಮನಸ್ಸಿಲ್ಲದ ಮಾರಾಟಗಾರನ ಹತ್ತಿರ ಮಾತು ಬೆಳೆಸೋದೇ ಬೇಡ.

ಕೊನೆಗೆ ಸಿಕ್ಕಿದ್ದು ಧಾರವಾಡದ ಸಪ್ತಾಪುರದಲ್ಲಿ. ನಿವೃತ್ತ ಉಪನ್ಯಾಸಕರು. ಮಗನ ಜೊತೆ ಇರೋಕೆ ಪುಣೆಗೆ ಹೊರಟಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ತಯಾರಾದ ವ್ಯಾಗನ್ ಆರ್, 1 ಲೀಟರ್ ಪೆಟ್ರೋಲ್, ಎರಡು ಏರ್‌ಬ್ಯಾಗ್, 46,000 ಕಿಲೋಮೀಟರ್. ಬಂಪರಿನ ಎಡ ಮೂಲೆ ಗೀಚಿತ್ತು, ಅದನ್ನು ಬಣ್ಣ ಹಚ್ಚಿ ಮುಚ್ಚಿರಲಿಲ್ಲ. ನನಗೆ ಅದನ್ನು ನೋಡಿಯೇ ಅರ್ಧ ಧೈರ್ಯ ಬಂತು. ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ದಾರ ಹಾಕಿ ಪೋಣಿಸಿದ್ದರು. ಮಿಸ್ತ್ರಿ ಏರಿನಲ್ಲಿ ನಿಲ್ಲಿಸಿ ಕ್ಲಚ್ ನೋಡಿದರು, ಗುಂಡಿಗಳ ಮೇಲೆ ಬೇಕಂತಲೇ ಓಡಿಸಿ ಕೆಳಗಿನ ಸದ್ದು ಕೇಳಿದರು. ಮುಂದಿನ ಬಲಗಡೆ ಚಕ್ರದ ರಬ್ಬರ್ ಬುಷ್ ಹೋಗಿದೆ, ಬ್ಯಾಟರಿ ಮುಗಿಯುತ್ತಾ ಬಂದಿದೆ, ಮುಂದಿನ ಎರಡು ಟೈರ್ ಹಾಕಿಸಬೇಕು ಅಂದರು. ಉಪನ್ಯಾಸಕರು 4 ಲಕ್ಷ 25 ಸಾವಿರ ಕೇಳಿದ್ದರು. 4 ಲಕ್ಷ 5 ಸಾವಿರಕ್ಕೆ ಆಯ್ತು. ಅವರ ಹೆಂಡತಿ ಕೀಲಿ ಕೊಡುವ ಮುಂಚೆ ಕಾರಿಗೆ ಕುಂಕುಮ ಹಚ್ಚಿದರು. ನಮ್ಮ ಅಮ್ಮನ ಮೊಣಕಾಲಿನ ಕಥೆ ಕೇಳಿ ಹಿಂದಿನ ಸೀಟಿನಲ್ಲಿದ್ದ ತಮ್ಮ ದಿಂಬನ್ನು ಅಲ್ಲೇ ಬಿಟ್ಟರು.

ಉಳಿದ 45,000ವನ್ನು ನಾನು ಮೊದಲೇ ಬೇರೆ ಇಟ್ಟಿದ್ದೆ. ಬಜೆಟ್ ಪೂರ್ತಿ ಕಾರಿನ ಬೆಲೆಗೇ ಸುರಿದಿದ್ದರೆ ಟೈರ್ ನಾಳೆ ನೋಡೋಣ, ಬ್ಯಾಟರಿ ನಾಡಿದ್ದು ನೋಡೋಣ ಅಂತ ಆಗಿಬಿಡ್ತಿತ್ತು ಅಲ್ವಾ? ಟೈರ್, ಬ್ಯಾಟರಿ, ಬುಷ್, ಎಲ್ಲ ಆಯಿಲ್, ಬ್ರೇಕ್ ಪ್ಯಾಡ್, ಹೆಸರು ಬದಲಾವಣೆ, ವಿಮೆ. 41,000 ಖರ್ಚಾಯ್ತು. ವಿಮೆಯ ಬಗ್ಗೆ ಎರಡು ಮಾತು. 1000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ನಷ್ಟದ ವಿಮೆ) ಪ್ರೀಮಿಯಂ ಆಗ ವರ್ಷಕ್ಕೆ 2,094 ರೂಪಾಯಿ, ಅದರ ಮೇಲೆ 1500 ಸಿಸಿವರೆಗಿನದಕ್ಕೆ 3,416. ನಮ್ಮದು 998 ಸಿಸಿ. ಮಾರಿದವರು ಗಳಿಸಿದ ನೋ ಕ್ಲೇಮ್ ಬೋನಸ್ (ವಿಮೆಯಿಂದ ದುಡ್ಡು ಕೇಳದೇ ಇದ್ದದ್ದಕ್ಕೆ ಸಿಗುವ ರಿಯಾಯಿತಿ) ಅವರ ಜೊತೆಗೇ ಹೋಗುತ್ತೆ, ಕೊಂಡವರಿಗೆ ಬರಲ್ಲ. 14 ದಿನದೊಳಗೆ ವಿಮೆಯನ್ನು ನಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಕೊಡಬೇಕು.

ಕಾಗದ ಪತ್ರದಲ್ಲಿ ಮುಖ್ಯವಾದದ್ದು ಗಾಡಿಯನ್ನು ನಮ್ಮ ಹೆಸರಿಗೆ ಮಾಡಿಸುವ ಫಾರ್ಮ್ 29 ಮತ್ತು 30. ಸಾಲದ ಗಾಡಿ ಆಗಿದ್ದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಎನ್‌ಒಸಿ ಮತ್ತು ನೋಂದಣಿ ಪತ್ರದಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35. ಹಾವೇರಿಯಲ್ಲಿ ನೋಡಿದ ಒಂದು ಗಾಡಿಗೆ ತಾರೀಖು ಹಾಕದ, ಸಹಿ ಮಾತ್ರ ಇರುವ ಫಾರ್ಮುಗಳನ್ನು ತೋರಿಸಿದ್ದರು. ಮೂಲ ಮಾಲೀಕ ಯಾರೋ, ನಡುವೆ ಎಷ್ಟು ಕೈ ದಾಟಿದೆಯೋ ಗೊತ್ತಿಲ್ಲ. ಹಣ ಕೊಡುವ ದಿನ ಆರ್‌ಸಿಯಲ್ಲಿ ಹೆಸರಿರುವ ಮನುಷ್ಯ ಎದುರಿಗೆ ಕೂತಿರಲೇಬೇಕು. ಸರಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ಗಾಡಿ ನಂಬರ್ ಹಾಕಿ ಸಾಲ, ವಿಮೆ, ದಂಡ ಏನಿದೆ ಅಂತ ನೋಡೋಕೆ ಹತ್ತು ನಿಮಿಷ ಸಾಕು.

ಅಪ್ಪನಿಗೆ ಕೈ ಹೊಂದಲು ಒಂದು ತಿಂಗಳು ಹಿಡೀತು. ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಬಿಂಕದಕಟ್ಟಿಯವರೆಗೆ ಹೋಗಿ ಬರ್ತಿದ್ದರು. ಹುಬ್ಬಳ್ಳಿಗೆ ಬಂದರೆ ಕತ್ತಲಾಗುವ ಮುಂಚೆ ವಾಪಸ್ ಹೊರಡಬೇಕು ಅಂತ ನಮ್ಮಿಬ್ಬರಲ್ಲಿ ಒಪ್ಪಂದ ಆಗಿದೆ. ಎದುರಿನ ಲಾರಿಗಳ ಬೆಳಕು ಅವರ ಕಣ್ಣಿಗೆ ಹೊಡೆಯುತ್ತೆ. ಹೊಸ ಲೆಕ್ಕದ ಪುಸ್ತಕ ಇಟ್ಟು ಪೆಟ್ರೋಲ್, ಕಿಲೋಮೀಟರ್, ಗಾಳಿ ಹಾಕಿಸಿದ್ದು ಎಲ್ಲ ಬರೀತಾರೆ.

ಕಳೆದ ದೀಪಾವಳಿಗೆ ಹೋದಾಗ ಆ ಪುಸ್ತಕ ತಿರುವಿ ಹಾಕ್ತಾ ಇದ್ದೆ. ಜುಲೈ ತಿಂಗಳ ಒಂದು ಸಾಲಿನಲ್ಲಿ "ಅಣ್ಣಿಗೇರಿ, ಕ್ಲಚ್ ಕೇಬಲ್, 850" ಅಂತಿತ್ತು. ಏನಿದು ಅಂತ ಕೇಳಿದೆ. ಆಸ್ಪತ್ರೆಯಿಂದ ವಾಪಸ್ ಬರುವಾಗ ಅಣ್ಣಿಗೇರಿಯ ಹತ್ತಿರ ಕ್ಲಚ್ ಒತ್ತಿದರೆ ಪೆಡಲ್ ಹಾಗೇ ಕೆಳಗೆ ಉಳಿಯಿತಂತೆ. ಅಲ್ಲೇ ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗನೊಬ್ಬ ಬೈಕಿನಲ್ಲಿ ಹೋಗಿ ಕೇಬಲ್ ತಂದು ಮುಕ್ಕಾಲು ಗಂಟೆಯಲ್ಲಿ ಹಾಕಿಕೊಟ್ಟನಂತೆ. ಅಷ್ಟರಲ್ಲಿ ಅಮ್ಮ ಕಾರಿನಲ್ಲೇ ದಿಂಬಿಗೆ ಒರಗಿ ಗಿರ್ಮಿಟ್ ತಿಂದಳಂತೆ.

"ನನಗ ಯಾಕ ಫೋನ್ ಮಾಡಲಿಲ್ಲ?" ಅಂದೆ.

"ಅವತ್ತ ನಿಂದು ಆಡಿಟ್ ಇತ್ತಲ್ಲವಾ" ಅಂದರು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಡಿಕ್ಕಿ ತೆಗೆದರು. ಮ್ಯಾಟ್ ಎತ್ತಿ, ಸ್ಟೆಪ್ನಿ ಪಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಇನ್ನೊಂದು ಹೊಸ ಕೇಬಲ್ ತೋರಿಸಿದರು.